ನಲ್ಲಿ ಮೂಳೆ ಹೀರಿದವಳು

ಹೊಸಕೋಟೆ ಸಂತೆಯ ಹಿಂದಿನ ಹೋಟೆಲಿನಲ್ಲಿ ಕೂತು ನಲ್ಲಿ ಮೂಳೆ ಕುಟ್ಟಿ ಒಳಗಿನ ಮಜ್ಜೆ ಹೀರಿದವಳು ನಾನು. ನನ್ನ ನಾದಿನಿ ಪುಟ್ಟಮ್ಮ ಅಲ್ಲ. ಇಷ್ಟನ್ನು ಹೇಳಬೇಕಾದ ದಿನ ಹೇಳಲಿಲ್ಲ — ಹೇಳಲಿಲ್ಲ ಎಂದರೂ ಅರ್ಧ ಸುಳ್ಳಾಗುತ್ತದೆ. ಅವಳು ಎಂದೇ ಹೇಳಿದೆ. ಆಗ ನನಗೆ ಇಪ್ಪತ್ತು. ಈಗ ಎಪ್ಪತ್ತು ದಾಟಿದೆ.

ಮೂಳೆ ತಿಂದದ್ದೂ ಒಂದು ಪಾಪವೇ ಎಂದು ನಗುವವರು ನಗಿ. ಯುದ್ಧದ ಕಾಲದ ಹಳ್ಳಿಯ ಮನೆಯಲ್ಲಿ ಸೊಸೆಯಾಗಿದ್ದವರು ನಗಲಾರರು. ಬಾಡು ಬೆಂದ ದಿನ ಮೊದಲು ಗಂಡಸರ ಪಂಕ್ತಿ, ಆಮೇಲೆ ಮಕ್ಕಳು, ಆಮೇಲೆ ಅತ್ತೆ. ಮಸಾಲೆ ಅರೆದವಳು ನಾನು, ಮುದ್ದೆ ಕಟ್ಟಿದವಳು ಪುಟ್ಟಮ್ಮ. ನಮ್ಮಿಬ್ಬರ ಸರದಿ ಬರುವ ಹೊತ್ತಿಗೆ ಮಡಕೆಯ ತಳದಲ್ಲಿ ಸಾರು, ಅದರಲ್ಲಿ ಎರಡು ಆಲೂಗಡ್ಡೆ. ನಲ್ಲಿ ಮೂಳೆಯಂತೂ ಮನೆಯ ಯಜಮಾನನಿಗೇ ಮೀಸಲು. ಮದುವೆಯಾಗಿ ಮೂರು ವರ್ಷ ಆ ಮೂಳೆಯ ಸದ್ದನ್ನು ಗೋಡೆಯಾಚೆಯಿಂದ ಕೇಳಿದ್ದೆ, ಅಷ್ಟೆ. ನಾನು ಮೊದಲಿನಿಂದಲೂ ಬಾಯಿಚಪಲದವಳು — ಅದನ್ನು ಮುಚ್ಚಿಡುವುದಿಲ್ಲ.

ಪುಟ್ಟಮ್ಮನ ವಿಷಯ ಹೇಳಬೇಕು. ನನ್ನ ಗಂಡನ ತಂಗಿ, ನನಗಿಂತ ಒಂದು ವರ್ಷ ಚಿಕ್ಕವಳು. ಕೊಟ್ಟ ಮನೆಯಲ್ಲಿ ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ತವರಿಗೆ ಬಂದಿದ್ದಳು. ನಮ್ಮಲ್ಲಿ ಅಂಥವರಿಗೆ ಕೂಡಾವಳಿ ಉಂಟು — ಓಲಗವಿಲ್ಲ, ಚಪ್ಪರವಿಲ್ಲ, ಒಂದು ಸೀರೆ ಉಡಿಸಿ ಇನ್ನೊಂದು ಮನೆಗೆ ಕಳಿಸುತ್ತಾರೆ. ನಂದಗುಡಿ ಕಡೆಯ ಒಬ್ಬರು, ಹೆಂಡತಿ ಸತ್ತವರು, ಕೇಳಿಕೊಂಡು ಬಂದಿದ್ದರು. ಒಮ್ಮೆ ಅವರು ನಡುಮನೆಯಲ್ಲಿ ಕೂತು ನೀರು ಕುಡಿದು ಹೋದರು. ಪುಟ್ಟಮ್ಮ ಆ ಚೊಂಬನ್ನು ಎರಡು ಸಲ ಬೆಳಗಿದಳು. ನಾನು ಗೇಲಿ ಮಾಡಿದರೆ ಮುಖ ಕೆಂಪಗೆ ಮಾಡಿಕೊಂಡು, "ಸುಮ್ಕಿರು ಅತ್ಗೆ, ಯಾರಾದ್ರೂ ಕೇಳಿಸ್ಕಂಡಾರು" ಎಂದಳು. ಅವಳಿಗೆ ಮನಸ್ಸಿತ್ತು. ತುಂಬಾ ಮನಸ್ಸಿತ್ತು.

ಗಂಡಸರು ತರಕಾರಿ ಗಾಡಿ ಕಟ್ಟಿಕೊಂಡು ಬೆಂಗಳೂರಿನ ದಂಡಿಗೆ ಹೋಗುತ್ತಿದ್ದ ದಿನಗಳು ಅವು. ಸೋಲ್ಜರುಗಳಿಗೆ ಎಷ್ಟು ಒಯ್ದರೂ ಸಾಲದು. ಉಳಿದ ಸೊಪ್ಪು, ಬದನೆಕಾಯಿ ನಮ್ಮ ತಲೆಗೆ. ಅದನ್ನು ಹೊತ್ತು ನಾವಿಬ್ಬರೂ ವಾರಕ್ಕೊಮ್ಮೆ ಹೊಸಕೋಟೆ ಸಂತೆಗೆ ನಡೆಯುತ್ತಿದ್ದೆವು. ಮೊದಲು ಶುರು ಮಾಡಿದ್ದು ನಾನೇ. ಕಾಫಿ ಹೋಟೆಲಿನಿಂದ ಬಿಸಿ ಬೋಂಡ ಎಲೆಯಲ್ಲಿ ಕಟ್ಟಿಸಿ ಹುಣಸೆಮರದ ಹಿಂದೆ ತಿಂದೆವು. ಮುಂದಿನ ವಾರ ಸಾಬರ ಹೋಟೆಲಿನ ಪಲಾವು — ತುಪ್ಪ ಮೊಣಕೈ ತನಕ ಇಳಿಯಿತು, ಪುಟ್ಟಮ್ಮ ಕೆರೆಯಲ್ಲಿ ಮೂರು ಸಲ ಬಾಯಿ ಮುಕ್ಕಳಿಸಿದಳು. ಕದ್ದು ತಿಂದದ್ದಕ್ಕೆ ಎಷ್ಟು ರುಚಿ! ಒಂದೊಂದು ವಾರಕ್ಕೆ ಒಂದೊಂದು ಹೋಟೆಲು.

ಕೊನೆಗೆ ನಿಂತದ್ದು ಸಂತೆಯ ಹಿಂದೆ ಮುನಿಯಕ್ಕ ನಡೆಸುತ್ತಿದ್ದ ಗುಡಿಸಲು ಹೋಟೆಲಿನಲ್ಲಿ. ಮುಂದುಗಡೆ ಗಾಡಿಯವರಿಗೆ ಮುದ್ದೆ, ತಲೆಕಾಲು ಸಾರು, ಬೋಟಿ ಗೊಜ್ಜು. ಹೆಂಗಸರಿಗೆ ಅಲ್ಲಿ ಜಾಗವಿಲ್ಲ. ಹೋಟೆಲಿನಲ್ಲಿ ಕೂತು ಉಂಡ ಹೆಣ್ಣನ್ನು ಆಗ ಹೆಣ್ಣೆಂದೇ ಲೆಕ್ಕಕ್ಕೆ ಇಡುತ್ತಿರಲಿಲ್ಲ. ಆದರೆ ಮುನಿಯಕ್ಕ ನಮ್ಮ ಮೂಗು ಅರಳಿದ್ದನ್ನು ನೋಡಿ ಕನಿಕರದಿಂದ, "ಹಿತ್ಲಲ್ಲಿ ಕುಂತ್ಕಳ್ರವ್ವಾ, ಯಾರು ನೋಡ್ತಾರೆ" ಎಂದಳು. ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ರಸ್ತೆಗೆ ಬೆನ್ನು ಹಾಕಿ, ಸೆರಗು ಹೊದ್ದು ಕೂತೆವು. ಬಿಸಿ ಮುದ್ದೆ, ಅದರ ಗುಂಡಿಯಲ್ಲಿ ಸಾರು, ಸಾರಿನಲ್ಲಿ ನಿಜವಾದ ತುಂಡುಗಳು — ನಮಗೆಂದೇ ಬಡಿಸಿದ ತುಂಡುಗಳು. ನನಗೆ ಅಳು ಬಂತು ಎಂದರೆ ನಂಬಿ.

ಮೂರನೆಯದೋ ನಾಲ್ಕನೆಯದೋ ವಾರ ಮುನಿಯಕ್ಕ ಪುಟ್ಟಮ್ಮನ ತಟ್ಟೆಗೆ ನಲ್ಲಿ ಮೂಳೆ ಹಾಕಿದಳು. "ಕೂಡಾವಳಿ ಹುಡುಗಿ, ತಿನ್ನು." ಪುಟ್ಟಮ್ಮ ಅದನ್ನೆತ್ತಿ ನನ್ನ ತಟ್ಟೆಗಿಟ್ಟಳು.

"ನೀ ತಿನ್ನತ್ಗೆ. ನಾನು ಹೋಗೋ ಮನೇಲಿ ನಂಗೆ ಸಿಕ್ಕೀತು. ನಮ್ಮನೇಲಿ ನಿಂಗೆ ಯಾವತ್ತೂ ಸಿಗಾಕಿಲ್ಲ."

ನಾನು ಒಗೆಯುವ ಕಲ್ಲಿಗೆ ಮೂಳೆ ಕುಟ್ಟಿ, ಸದ್ದು ಬರುವ ಹಾಗೆ ಹೀರಿ, ಗಟ್ಟಿಯಾಗಿ ನಕ್ಕೆ. ಅವಳು ಮಾತ್ರ "ಸದ್ದು ಮಾಡಬ್ಯಾಡ" ಎನ್ನುತ್ತಲೇ ಇದ್ದಳು. ಹಿಂದೆ ಯಾರೋ ಕೈ ತೊಳೆಯಲು ಬಂದು ಹೋದರು. ನಾವು ತಿರುಗಿ ನೋಡಲಿಲ್ಲ.

ಕೈ ತೊಳೆದವರು ನಂದಗುಡಿಯ ಆ ವರನ ದೊಡ್ಡಪ್ಪ. ಯಾರವರು ಎಂದು ಅವರು ಕೇಳಿದ್ದಾರೆ. ಮುನಿಯಕ್ಕ, ಪಾಪ, ಹೆಮ್ಮೆಯಿಂದಲೇ ನಮ್ಮ ಮನೆಯ ಹೆಸರು ಹೇಳಿದ್ದಾಳೆ. ಮೂರನೆಯ ದಿನ ಬೆಳಿಗ್ಗೆ ಅವರು ನಮ್ಮ ಜಗಲಿಯಲ್ಲಿದ್ದರು. ಕೊಟ್ಟ ನೀರು ಮುಟ್ಟಲಿಲ್ಲ.

"ಹೋಟ್ಲಿನ ಹಿತ್ಲಲ್ಲಿ ನಿಮ್ಮನೆ ಹೆಣ್ಣೊಂದು ನಗಾಡ್ತಾ ಮೂಳೆ ಹೀರ್ತಿತ್ತು. ಇನ್ನೊಂದು ಸುಮ್ನೆ ಪಕ್ಕದಲ್ಲಿ ಕುಂತಿತ್ತು. ಮುಖ ನಾ ಕಾಣೆ. ಸೊಸೆ ಆದ್ರೆ ಅದು ನಿಮ್ಮನೆ ಇಚಾರ. ಮಗಳಾದ್ರೆ ನಮ್ದೂ ಹೌದು. ಯಾರು ಅಂತ ಯೋಳ್ಬುಡಿ."

ಅತ್ತೆ ಒಳಗೆ ತಿರುಗಿ ನನ್ನನ್ನೇ ನೋಡಿದರು. "ಯಾರೇ ಅದು?"

ಮೂರು ವರ್ಷಕ್ಕೂ ಮಡಿಲು ತುಂಬದ ಸೊಸೆ ನಾನು. ಇನ್ನೊಂದು ಹೆಣ್ಣು ತರುವ ಮಾತು ಅಡಿಗೆಮನೆ ತನಕ ಬಂದಿತ್ತು. ನನ್ನನ್ನು ತವರಿಗೆ ಅಟ್ಟಲು ಅವರಿಗೆ ಒಂದು ನೆಪ ಸಾಕಿತ್ತು. ಇದನ್ನು ನನ್ನ ಪರವಾಗಿ ಹೇಳುತ್ತಿಲ್ಲ. ಆ ಗಳಿಗೆಯಲ್ಲಿ ತಲೆಯಲ್ಲಿ ಓಡಿದ್ದು ಇಷ್ಟೇ ಎಂದು ಹೇಳುತ್ತಿದ್ದೇನೆ. ಪುಟ್ಟಮ್ಮ ಒರಳಿನ ಬಳಿ ನಿಂತಿದ್ದಳು. ಅವಳಿಗೂ ಬಾಯಿತ್ತು. ಆದರೆ ನಾನೇ ಹೇಳುತ್ತೇನೆಂದು ಅವಳು ಕಾದಳು — ಅದು ನನಗೆ ಕಾಣುತ್ತಿತ್ತು.

"ನಾನು ಬ್ಯಾಡ ಅಂದೆ ಅತ್ತೆ. ಪುಟ್ಟಮ್ಮನೇ ಎಳ್ಕಂಡೋದ್ಲು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪುಟ್ಟಮ್ಮ ಇಲ್ಲವೆನ್ನಲಿಲ್ಲ. ನನ್ನನ್ನು ನೋಡಿದಳು, ಒರಳಿಗೆ ಬಾಗಿದಳು. ನಂದಗುಡಿಯವರು ಎದ್ದು ಚಪ್ಪಲಿ ಮೆಟ್ಟಿಕೊಂಡರು. ಅಂದು ಅತ್ತೆ ಅವಳ ಬೆನ್ನಿಗೆ ಸೌದೆಯಿಂದ ಹೊಡೆದರು; ನಾನು ಹೊಲಕ್ಕೆ ಬುತ್ತಿ ತೆಗೆದುಕೊಂಡು ಹೋದೆ. ಆಮೇಲೆ ಅವಳನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಹೋಟೆಲಿನ ಸುದ್ದಿ ನಮಗಿಂತ ಮುಂಚೆ ಊರೂರು ಮುಟ್ಟುತ್ತಿತ್ತು. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಮಾಡಿದವಳು ನಾನು, ಉಂಡವಳು ಅವಳು.

ಮರುವರ್ಷ ನನಗೆ ಮಗ ಹುಟ್ಟಿದ. ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು ಪುಟ್ಟಮ್ಮ. ನನ್ನ ಮೇಲೆ ಒಂದು ದಿನವೂ ಸಿಡುಕಲಿಲ್ಲ, ಆದರೆ ಅತ್ಗೆ ಎಂದು ಮುಂಚಿನ ಹಾಗೆ ಕರೆಯಲೂ ಇಲ್ಲ. ಅತ್ತೆ ಹೋದ ಮೇಲೆ ಸೌಟು ಅವಳ ಕೈಗೆ ಬಂತು. ಮೊದಲ ಹೊಸತೊಡಕಿನಂದು, ಯುಗಾದಿಯ ಮರುದಿನದ ಬಾಡೂಟದಲ್ಲಿ, ಅವಳು ನಲ್ಲಿ ಮೂಳೆಯನ್ನು ಹುಡುಕಿ ತೆಗೆದು ನನ್ನ ತಟ್ಟೆಗೆ ಹಾಕಿದಳು. ಅಂದಿನಿಂದ ಬಾಡು ಬೆಂದಾಗಲೆಲ್ಲ ಹಾಗೆಯೇ — ಮೂವತ್ತು ವರ್ಷ. ಅದು ಕ್ಷಮೆಯೋ, ನೆನಪಿಸುವುದೋ, ಅಥವಾ ಬರೀ ಪ್ರೀತಿಯೋ — ಕೇಳಬೇಕೆಂದು ಎಷ್ಟು ಸಲ... ಕೇಳಲಿಲ್ಲ. ತಿಂದೆ. ಮೂವತ್ತು ವರ್ಷವೂ ತಲೆ ತಗ್ಗಿಸಿಕೊಂಡು ತಿಂದೆ.

ಹೋದ ಮಾಗಿಯಲ್ಲಿ ಪುಟ್ಟಮ್ಮ ತೀರಿಕೊಂಡಳು. ಈ ಸಲದ ಹೊಸತೊಡಕಿಗೆ ಸೊಸೆ ಅದೇ ಮೂಳೆಯನ್ನು ನನ್ನ ತಟ್ಟೆಗೆ ಹಾಕಿದಳು. "ಪುಟ್ಟತ್ತೆ ಹೇಳಿದ್ರು, ಇದು ನಿಮ್ಗೇ ಅಂತ."

ನನ್ನ ಕೈ ಮೇಲೇಳಲಿಲ್ಲ. ಮಗನ ಮುಂದೆ, ಸೊಸೆಯ ಮುಂದೆ, ಎಲ್ಲವನ್ನೂ ಹೇಳಿಬಿಟ್ಟೆ — ಸಂತೆ, ಹಿತ್ತಲು, ಒಗೆಯುವ ಕಲ್ಲು, ನನ್ನ ಮಾತು. ಮಗ ಊಟ ನಿಲ್ಲಿಸಿ ಕೇಳಿದ. ಆಮೇಲೆ ನಕ್ಕ.

"ಅಯ್ಯೋ ಅಮ್ಮಾ, ಹೋಟ್ಲಲ್ಲಿ ಉಂಡಿದ್ದೂ ಒಂದು ತಪ್ಪಾ? ನಾವು ವಾರಕ್ಕೆರಡು ಸಲ ಹೋಗ್ತೀವಲ್ಲ! ಬಿಡು, ಸಾರು ಆರೋಗ್ತದೆ."

ಅವನದು ತಪ್ಪಲ್ಲ. ಅತ್ತೆ ಇಲ್ಲ, ನಂದಗುಡಿಯ ದೊಡ್ಡಪ್ಪ ಇಲ್ಲ, ನಡುಮನೆಯಲ್ಲಿ ನೀರು ಕುಡಿದು ಹೋದ ಆ ವರನೂ ಇಲ್ಲ. ನಿಜ ಕೇಳಿ ತಲೆ ಎತ್ತಬೇಕಾದವಳೇ ಇಲ್ಲ. ಉಳಿದವರಿಗೆ ಇದು ನಗುವ ವಿಷಯ — ಇಷ್ಟು ಸಣ್ಣ ವಿಷಯಕ್ಕೆ ಒಬ್ಬಳ ಬದುಕನ್ನು ಕೊಟ್ಟುಬಿಟ್ಟೆ.

ಆ ಮೂಳೆಯನ್ನು ನಾನು ತಿನ್ನಲಿಲ್ಲ. ಇನ್ನು ಮೇಲೆ ತಿನ್ನುವುದಿಲ್ಲ. ಸೊಸೆಯ ತಟ್ಟೆಗೆ ಹಾಕಿದೆ. ಅವಳು ಬೇಡವೆನ್ನದೆ, ಗಂಡನ ಎದುರಿಗೇ ಕೂತು, ತಟ್ಟೆಗೆ ಕುಟ್ಟಿ ಸದ್ದು ಬರುವ ಹಾಗೆ ಹೀರಿದಳು. ಪಕ್ಕದಲ್ಲಿ ಪುಟ್ಟಮ್ಮ ಕೂರುತ್ತಿದ್ದ ಮಣೆ ಖಾಲಿ ಇತ್ತು.