ಕಾರ್ಯದರ್ಶಿ ಫ್ರೀಡಾ
ಲಂಡನ್ನಿನ ಎಜ್‌ವೇರಿನಲ್ಲಿ ನಮ್ಮ ಪಕ್ಕದ ಮನೆಯ ಫ್ರೀಡಾ ಜಿಮ್ಲರ್ ಕಣ್ಣಿಗೆ ಬಿದ್ದ ಯಹೂದಿ ಹಿರಿಯರು ಯಾರೂ ತರಗತಿಗೆ ಸೇರದೆ ಪಾರಾದದ್ದಿಲ್ಲ. ೧೯೯೩ರಲ್ಲಿ ಇಬ್ಬರಿಂದ ಶುರುವಾದ ತಮ್ಮ ವಯಸ್ಕರ ಪಾಠಶಾಲೆಗೆ ಬಸ್ ಸ್ಟಾಪಿನಲ್ಲೂ ಜನರನ್ನು ಹಿಡಿಯುತ್ತಿದ್ದರು. ಒಬ್ಬನನ್ನಂತೂ ಹಲ್ಲು ಕೀಳಿಸಿಕೊಳ್ಳುವಾಗಲೇ ಸೇರಿಸಿದರು, ಬೇಡವೆನ್ನಲು ಅವನ ಬಾಯಿ ಖಾಲಿಯಿರಲಿಲ್ಲ. ಅಲ್ಲಿ ಇಬ್ಬಿಬ್ಬರು ಕೂತು ಜಗಳವಾಡುತ್ತಲೇ ಧರ್ಮಗ್ರಂಥ ಓದುವುದು ಪದ್ಧತಿ; ಆ ಗದ್ದಲಕ್ಕೆ ಹೆದರಿ ನಾರ್ದರ್ನ್ ಲೈನಿನ ರೈಲು ಒಂದು ಸ್ಟೇಷನ್ ಮೊದಲೇ ನಿಲ್ಲುತ್ತಿತ್ತು. "ನೀವೂ ಬನ್ನಿ, ಧಾರವಾಡದವರಿಗೆ ವಾದ ಕಲಿಸಬೇಕೇ?" ಎಂದು ನನಗೂ ಗಾಳ ಹಾಕಿದ್ದರು. ಶಾಲೆಯ ಕಾರ್ಯದರ್ಶಿಯಾದ ತಾವು ಮಾತ್ರ ಒಂದು ದಿನವೂ ಪಾಠಕ್ಕೆ ಕೂರಲಿಲ್ಲ, "ಚಹಾ ಯಾರು ನೋಡ್ತಾರೆ?" ಎನ್ನುವರು. ಹುಡುಗಿಯಾಗಿದ್ದಾಗ ಅಣ್ಣಂದಿರ ಹೀಬ್ರೂ ಪಾಠಕ್ಕೆ ಬಾಗಿಲಾಚೆಯಿಂದ ಚಹಾ ಕೊಟ್ಟವರು, ತಮಗೆ ಆ ಹೀಬ್ರೂ ಅಕ್ಷರ ಬಾರದೆಂಬುದನ್ನು ಹನ್ನೊಂದು ವರ್ಷ ಮುಚ್ಚಿಟ್ಟಿದ್ದರು. ಗೊತ್ತಾದ ದಿನವೇ ವಿದ್ಯಾರ್ಥಿಗಳು ಮುಷ್ಕರ ಹೂಡಿದರು: "ನೀವು ಕಲಿತರೆ ಮಾತ್ರ ನಾವು ಬರ್ತೀವಿ." ಒಂದು ವರ್ಷ ಕಲಿತು, ಎಪ್ಪತ್ತೆಂಟರ ಫ್ರೀಡಾ ತುಂಬಿದ ಸಭೆಯಲ್ಲಿ ಧರ್ಮಗ್ರಂಥ ಓದಲು ನಿಂತರು. ಮೂರನೇ ಪದಕ್ಕೆ ತಡವರಿಸಿದಾಗ ಇನ್ನೂರು ಗಂಟಲು ಒಟ್ಟಿಗೆ ನೆರವಿಗೆ ಧಾವಿಸಿದವು. "ಬಾಯಿ ಮುಚ್ಚಿ!" ಎಂದು ಗದರಿದರು ಫ್ರೀಡಾ. "ನಾನು ಎಪ್ಪತ್ತು ವರ್ಷ ಕಾದಿದ್ದೀನಿ, ನಿಮಗೆ ಒಂದು ನಿಮಿಷ ಕಾಯೋಕಾಗಲ್ವಾ?" ಸಭೆ ಕಾಯಿತು. ಆ ಪದವನ್ನು ತಾವೇ ಓದಿದರು, ಉಳಿದ ಇಡೀ ಪುಟವನ್ನೂ.