ಗಾದಿ ಬೂಬಮ್ಮ ಮದೀನಾಕ್ಕೆ ಮುಟ್ಟಿಸಿದ ಸಲಾಮು

ಭಾಲ್ಕಿಯಿಂದ ನಾವು ಹೊರಟದ್ದು ಜನವರಿಯ ಒಂದು ಚಳಿಯ ಬೆಳಿಗ್ಗೆ. ಏಳಕ್ಕೆ ಹೊರಡಬೇಕೆಂದು ನಮ್ಮ ಯಜಮಾನರು ಕಟ್ಟಪ್ಪಣೆ ಮಾಡಿದ್ದರು. ಜೀಪು ಗೇಟು ದಾಟಿದ್ದು ಒಂಬತ್ತಕ್ಕೆ. ಮೂವತ್ತು ವರ್ಷ ಬಸ್ ಕಂಡಕ್ಟರಾಗಿದ್ದವರು ಅವರು. ಹೊತ್ತು ತಪ್ಪಿದರೆ ಮೈಮೇಲೆ ಇರುವೆ ಹರಿದವರಂತೆ ಚಡಪಡಿಸುತ್ತಾರೆ. ಗೇಟಿನಲ್ಲಿ ನಿಂತು "ರೈಟ್, ರೈಟ್" ಎಂದು ಕೂಗಿದ್ದೇ ಬಂತು, ಅಂಗಳದ ಜನ ಕರಗಲಿಲ್ಲ.

ಮದೀನಾಕ್ಕೆ ಹೊರಟವರ ಕೈಯಲ್ಲಿ ಸಲಾಮು ಕಳಿಸುವುದು ನಮ್ಮ ಕಡೆಯ ಪದ್ಧತಿ. ಪ್ರವಾದಿಯವರ ಸನ್ನಿಧಿಯಲ್ಲಿ ನಿಂತು, ಇಂಥ ಊರಿನ ಇಂಥವರು ಸಲಾಂ ಹೇಳಿದ್ದಾರೆ ಎಂದು ಹೆಸರು ಹಿಡಿದು ಹೇಳಬೇಕು. ಇದಕ್ಕೆ ನಮ್ಮ ಮನೆಯ ಮಾತಿನಲ್ಲಿ ಅಮಾನತ್ ಎನ್ನುತ್ತೇವೆ. ನಂಬಿ ಒಪ್ಪಿಸಿದ್ದು ಎಂದು ಅರ್ಥ. ಮುಟ್ಟಿಸುವ ತನಕ ಅದು ತಲೆಯ ಮೇಲಿನ ಭಾರ. ಕನ್ನಡ ಪತ್ರಿಕೆಗಳಲ್ಲಿ ಇದೇ ಮಾತು ಅಮಾನತು ಎಂದಾಗಿ, ನೌಕರಿಯಿಂದ ಬದಿಗಿಡುವುದು ಎಂಬ ಅರ್ಥ ಹೊತ್ತು ಬರುತ್ತದೆ. ಒಂದೇ ಮಾತು, ಒಂದು ಕಡೆ ನಂಬಿಕೆ, ಇನ್ನೊಂದು ಕಡೆ ಅಪನಂಬಿಕೆ. ಮೂವತ್ತಮೂರು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಕನ್ನಡ ಕಲಿಸಿದ ನನಗೆ ಈ ವಿಚಿತ್ರ ಆಗಾಗ ನಗೆ ತರಿಸುತ್ತಿತ್ತು. ಈ ಪ್ರವಾಸದಲ್ಲಿ ಅದೇ ಮಾತು ನನ್ನ ಜೀವ ಬಾಯಿಗೆ ತರುತ್ತದೆಂದು ಗೊತ್ತಿರಲಿಲ್ಲ.

ಈ ಅಮಾನತ್ ಹೊತ್ತವರು ನಮ್ಮ ಅತ್ತೆ. ವಯಸ್ಸು ಎಂಬತ್ತರ ಆಚೆ. ಹೆಸರು ಫಾತಿಮಾಬಿ, ಜನರಿಗೆ ಗಾದಿ ಬೂಬಮ್ಮ. ಔರಾದಿನಿಂದ ಭಾಲ್ಕಿಯವರೆಗೆ ಮನೆ ಮನೆಗೆ ಹೋಗಿ ಹತ್ತಿ ಹಿಂಜಿ ಗಾದಿ ತುಂಬಿದವರು ಅತ್ತೆ ಮತ್ತು ತೀರಿಹೋದ ನಮ್ಮ ಮಾವ. ಮಾವ ಹಿಂಜುತ್ತಿದ್ದರು, ಅತ್ತೆ ತುಂಬಿ ಹೊಲಿಯುತ್ತಿದ್ದರು. ಹೊರಡುವುದಕ್ಕೆ ಒಂದು ವಾರ ಮೊದಲು ಅತ್ತೆ ಹಟ ಹಿಡಿದು ಔರಾದಿಗೆ ಹೋದರು. ಅಲ್ಲಿಂದ ಸಂತಪುರ, ಜನವಾಡ, ಚಿದ್ರಿ, ಬೀದರ್, ಹಲಬರ್ಗಾ ಎಂದು ಇಳಿಯುತ್ತ ಹತ್ತುತ್ತ, ತಪ್ಪು ಒಪ್ಪು ಮಾಫಿ ಕೇಳುತ್ತ ಬಂದರು. ಹೋದಲ್ಲೆಲ್ಲ ಜನ ಸಲಾಮು ಒಪ್ಪಿಸಿದರು. ಮುಸಲ್ಮಾನರು ಅಷ್ಟೇ ಅಲ್ಲ, ಅವರು ಗಾದಿ ತುಂಬಿದ ಮನೆಯವರೆಲ್ಲ.

ನನಗೊಂದು ಅಂಜಿಕೆ ಇತ್ತು. ಅತ್ತೆಗೆ ವರ್ಷದಿಂದ ಮರೆವು. ಸಾರಿಗೆ ಎರಡು ಸಲ ಉಪ್ಪು ಹಾಕುವುದು, ಈಗಷ್ಟೇ ಕೇಳಿದ್ದನ್ನು ಮತ್ತೆ ಕೇಳುವುದು. ವಯಸ್ಸು, ಏನೂ ಮಾಡಲಾಗದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಇಷ್ಟು ಜನರ ಸಲಾಮು ದಾರಿಯಲ್ಲಿ ಚೆಲ್ಲಿಹೋದರೆ? ಹಾಗಾಗಿ ನಾನು ನೋಟ್‌ಬುಕ್ಕಿನಲ್ಲಿ ಹೆಸರು ಬರೆದೆ. ಕೊನೆಗೆ ಟೀಚರ್ ಬುದ್ಧಿ, ಅಕಾರಾದಿಯಾಗಿ ಚೊಕ್ಕ ಪ್ರತಿ ಮಾಡಿದೆ. ಒಟ್ಟು ನೂರ ಹದಿನಾರು.

"ಬರಿ ಬರಿ," ಎಂದರು ಅತ್ತೆ. "ನಿನಗ ಕಾಗದ ಬೇಕು. ನಾ ಹೊಟ್ಟ್ಯಾಗ ಇಟ್ಕೊಂಡೀನಿ."

ನೂರ ಹದಿನೇಳನೆಯವರು ಪಕ್ಕದ ಮನೆಯ ಕಮಲಾಬಾಯಿ. ಕೊರಳಲ್ಲಿ ಲಿಂಗ ಕಟ್ಟಿದ ಶರಣರ ಮನೆಯವರು, ಅತ್ತೆಗೆ ನಲವತ್ತು ವರ್ಷದ ಗೆಳತಿ. ಜೀಪು ಹತ್ತುವಾಗ ಓಡುತ್ತ ಬಂದು, ಕಡಕ್ ರೊಟ್ಟಿಯ ಗಂಟು ನನ್ನ ತೊಡೆಯ ಮೇಲಿಟ್ಟು, ಅತ್ತೆಯ ಕೈ ಹಿಡಿದರು.

"ಬೂಬಮ್ಮಕ್ಕ, ಅಲ್ಲಿ ನಂದೊಂದು ಶರಣಾರ್ಥಿ ಹೇಳ್ರಿ."

"ಹೇಳ್ತೇನಿ," ಎಂದರು ಅತ್ತೆ.

ನಾನು ಪೆನ್ನು ತೆಗೆದವಳು ತುಸು ತಡೆದೆ. ಮದೀನಾದಲ್ಲಿ ಶರಣಾರ್ಥಿಯೇ? ಅರ್ಥ ಒಂದೇ ಅಲ್ಲವೇ ಎಂದುಕೊಂಡು "ಕಮಲಾಬಾಯಿ, ಭಾಲ್ಕಿ: ಸಲಾಂ" ಎಂದು ಗೀಚಿದೆ. ಜೀಪು ಹೊರಟಿತು.

ಬೀದರ್‌ನಲ್ಲಿ ಉಳಿದ ಯಾತ್ರಿಗಳು ಸೇರಿಕೊಂಡರು, ಅಲ್ಲಿಂದ ಬಸ್ಸಿನಲ್ಲಿ ಹೈದರಾಬಾದ್ ವಿಮಾನ ನಿಲ್ದಾಣಕ್ಕೆ ನಾಲ್ಕು ತಾಸು. ವಿಮಾನ ನೇರ ಮದೀನಾಕ್ಕೆ, ಐದೂವರೆ ತಾಸು. ಅತ್ತೆ ಮೊದಲ ಸಲ ವಿಮಾನ ಹತ್ತಿದವರು. ಅಂಜುತ್ತಾರೇನೋ ಎಂದು ನಾನು ಕೈ ಹಿಡಿದರೆ, ಅವರು ಸೀಟು ಒತ್ತಿ ನೋಡಿ, "ಇದರಾಗ ಹತ್ತಿ ಇಲ್ಲ, ಸ್ಪಂಜ್ ಅದ. ಎರಡು ವರ್ಷಕ್ಕ ಕುಸೀತದ," ಎಂದು ತೀರ್ಪು ಕೊಟ್ಟು ನಿದ್ದೆ ಹೋದರು.

ಮದೀನಾ ನಮ್ಮನ್ನು ತಂಪಾಗಿ ಬರಮಾಡಿಕೊಂಡಿತು. ಬೆಳಗಿನ ಚಳಿಗೆ ಶಾಲು ಬೇಕು, ಮಧ್ಯಾಹ್ನ ಹಿತವಾದ ಬಿಸಿಲು. ಹೋಟೆಲಿನಿಂದ ಪ್ರವಾದಿಯವರ ಮಸೀದಿಗೆ ಏಳೆಂಟು ನಿಮಿಷದ ನಡಿಗೆ. ಅಂಗಳದ ದೊಡ್ಡ ಕೊಡೆಗಳು ಬೆಳಕು ಹರಿದಂತೆ ಸದ್ದಿಲ್ಲದೆ ಬಿಚ್ಚಿಕೊಂಡವು. ಹಸಿರು ಗುಮ್ಮಟ ಕಂಡದ್ದೇ, ಅಯ್ಯೋ ನನ್ನ ಭಾಗ್ಯವೇ ಎಂದು ಗಟ್ಟಿಯಾಗಿಯೇ ಅಂದೆ. ಅತ್ತೆ ಮಾತ್ರ ಬಿಕ್ಕಲಿಲ್ಲ, ಅಳಲಿಲ್ಲ. "ಮೊದಲ ಕೆಲಸ ಆಗ್ಲಿ," ಎಂದರು.

ಕೆಲಸ ಎಂದರೆ ಸಲಾಮು ಮುಟ್ಟಿಸುವುದು. ಅದಕ್ಕೆ ಹೋಗಬೇಕಾದ ಜಾಗ ರಿಯಾಜುಲ್ ಜನ್ನತ್, ಸ್ವರ್ಗದ ತೋಟ. ಮಸೀದಿಯ ಒಳಗೆ ಪ್ರವಾದಿಯವರ ಸಮಾಧಿಗೆ ಹತ್ತಿದ ಸಣ್ಣ ಜಾಗ ಅದು, ಹಸಿರು ಜಮಖಾನೆ ಹಾಸಿದ್ದು. ಈಗ ಅಲ್ಲಿಗೆ ಮೊಬೈಲಿನಲ್ಲಿ ಮೊದಲೇ ಹೊತ್ತು ಕಾದಿರಿಸಬೇಕು. ಒಬ್ಬರಿಗೆ ವರ್ಷಕ್ಕೆ ಒಂದೇ ಸಲ. ನಮಗೆ ಸಿಕ್ಕಿದ್ದು ಮೂರನೆಯ ದಿನ ಬೆಳಿಗ್ಗೆ ಎಂಟೂವರೆ. ಅತ್ತೆಯ ವಯಸ್ಸಿಗೆ ಮತ್ತೊಂದು ವರ್ಷ ಎಂದು ಯಾರು ಹೇಳಬಲ್ಲರು? ತಪ್ಪಿದರೆ ತಪ್ಪಿತು.

ನಡುವಿನ ದಿನ ಉಳಿದ ಜಾಗಗಳನ್ನು ನೋಡಿದೆವು. ತಲೆಗೆ ಹತ್ತು ರಿಯಾಲಿನಂತೆ ವ್ಯಾನು. ಮೊದಲು ಕುಬಾ, ಪ್ರವಾದಿಯವರು ಮದೀನಾಕ್ಕೆ ಬಂದಾಗ ಕಟ್ಟಿದ ಮೊದಲ ಮಸೀದಿ. ಬೆಳ್ಳಗೆ ತೊಳೆದ ಹಾಗಿದೆ, ಹೊರಗೆ ಖರ್ಜೂರದ ಮಾರಾಟ. ಆಮೇಲೆ ಎರಡು ಕಿಬ್ಲಾಗಳ ಮಸೀದಿ. ನಮಾಜಿನ ನಡುವೆಯೇ ಮುಖವನ್ನು ಜೆರುಸಲೇಮಿನ ಕಡೆಯಿಂದ ಮಕ್ಕಾದ ಕಡೆಗೆ ತಿರುಗಿಸಿದ ಜಾಗ ಎಂದು ನಾನು ಪಾಠ ಒಪ್ಪಿಸಿದೆ. ಯಜಮಾನರು ತಲೆಯಾಡಿಸಿ, "ಭರ್ತಿ ಬಸ್ಸು, ನಡುದಾರ್‍ಯಾಗ ರೂಟ್ ಬದಲಿ, ಒಬ್ಬ ಪ್ಯಾಸೆಂಜರ್ ಭೀ ಇಳೀಲಿಲ್ಲ. ಅದಕ್ಕ ಅಂತಾರ ಈಮಾನ್," ಎಂದರು. ದೃಢ ವಿಶ್ವಾಸಕ್ಕೆ ಇಂಥ ಹೋಲಿಕೆ! ನಗಬೇಕೋ ಬೇಡವೋ ತಿಳಿಯಲಿಲ್ಲ. ಮಾತು ಮಾತ್ರ ಖರೆ.

ಉಹುದ್ ಬೆಟ್ಟ ಊರಿನ ಉತ್ತರಕ್ಕೆ, ಕೆಂಪು ಕಲ್ಲಿನದು. ಬೀದರ್‌ನ ಕೆಮ್ಮಣ್ಣು ಕಂಡ ಕಣ್ಣಿಗೆ ಅದು ಪರಕೀಯ ಅನಿಸಲಿಲ್ಲ. ಪ್ರವಾದಿಯವರ ಕಾಲದಲ್ಲಿ ಅಲ್ಲಿ ನಡೆದ ಯುದ್ಧದಲ್ಲಿ ಮಡಿದವರ ಸಮಾಧಿಗಳ ಕಟಾಂಜನದ ಹೊರಗೆ ನಿಂತು ಫಾತಿಹಾ ಓದಿದೆವು. ಬಿಲ್ಲುಗಾರರ ದಿಬ್ಬ ಅಲ್ಲೇ ಎದುರಿಗೆ. ಜಾಗ ಬಿಡಬೇಡಿ ಎಂದು ನಿಲ್ಲಿಸಿದವರು ಗೆದ್ದೆವೆಂದು ಕೆಳಗಿಳಿದು, ಗೆದ್ದ ಯುದ್ಧ ಕೈತಪ್ಪಿದ ಕಥೆಯನ್ನು ಅತ್ತೆಗೆ ಹೇಳಿದೆ.

"ಒಪ್ಪಿಸಿದ್ದ ಕೆಲಸ ಅರ್ಧಕ್ಕ ಬಿಟ್ರ ಹಂಗೇ," ಎಂದರು. ಅಲ್ಲಿಯೇ ಕಲ್ಲಿನ ಮೇಲೆ ಕೂತು ಕಮಲಾಬಾಯಿಯ ರೊಟ್ಟಿ, ಶೇಂಗಾ ಹಿಂಡಿ ತಿಂದೆವು.

ಮೂರನೆಯ ದಿನ ಬಂತು. ಎಂಟಕ್ಕೆ ಹೆಂಗಸರ ಬಾಗಿಲ ಬಳಿ ಇದ್ದೆವು. ನೋಟ್‌ಬುಕ್ಕಿದ್ದ ಚೀಲ ಯಜಮಾನರ ಹೆಗಲಲ್ಲಿತ್ತು. ಅಂಗಳ ಸುತ್ತಿ ಬರುತ್ತೇನೆಂದು ಹೋದವರು ಕೈಬೀಸಿಕೊಂಡು ಬಂದರು, ಮುಖದಲ್ಲಿ ಟಿಕೆಟ್ ಹರಿದು ಮುಗಿಸಿದ ಸಮಾಧಾನ.

"ಚೀಲ ಎಲ್ಲಿ?"

"ಜಮಾ ಮಾಡ್ದೆ."

"ಎಲ್ಲಿ ಜಮಾ ಮಾಡಿದ್ರಿ?"

"ಅಲ್ಲೇ ಆಫೀಸ್ ಅದ. ದೊಡ್ಡದಾಗಿ ಬರ್ದಾರ, ಅಮಾನಾತ್ ಅಂತ. ಊರಿಂದ ತಂದ ಸಲಾಮ್ ಜಮಾ ಮಾಡ್ಕೊಳ್ಳಾಕ ಇಷ್ಟು ಚಂದ ಬಂದೋಬಸ್ತ್ ಮಾಡ್ಯಾರ ನೋಡು! ರಸೀದಿ ಭೀ ಕೊಟ್ಟಾರ," ಎಂದು ನಂಬರು ಬರೆದ ಪ್ಲಾಸ್ಟಿಕ್ ಬಿಲ್ಲೆ ತೋರಿಸಿದರು.

 ಅಲ್ಲಿ ಅಮಾನಾತ್ ಎಂದರೆ ಯಾತ್ರಿಗಳು ತಮ್ಮ ಸಾಮಾನು ಇಟ್ಟು ಹೋಗುವ ಕೋಣೆ! ನಿಜಾಮನ ಕಾಲದ ಅಜ್ಜನಿಂದ ಉರ್ದು ಅಕ್ಷರ ಕಲಿತ ನಮ್ಮ ಯಜಮಾನರು ಬೋರ್ಡು ಸರಿಯಾಗಿಯೇ ಓದಿದ್ದರು. ಅರ್ಥ ಮಾತ್ರ ಭಾಲ್ಕಿಯದು ಹಚ್ಚಿದ್ದರು. ನೂರ ಹದಿನೇಳು ಜನರ ಸಲಾಮು ಯಾರದೋ ಸೂಟ್‌ಕೇಸಿನ ಪಕ್ಕ ಕೂತಿತ್ತು.

"ಕರ್ಮ ನಿಮ್ದು! ಅದು ಲಗೇಜ್ ಇಡೋ ರೂಮ್ ರಿ!" ಎಂದು ಚೀರಿದೆ. ಅವರ ಮುಖ ನಿಜವಾಗಿಯೂ ಅಮಾನತಾದವರಂತೆ ಇಳಿದುಹೋಯಿತು. ಅಂಗಳದ ಆ ತುದಿಗೆ ಹೋಗಿ ಬರಲು ಅರ್ಧ ತಾಸು ಬೇಕು, ಒಳಗಿನವರು ನಮ್ಮ ಗುಂಪನ್ನು ಆಗಲೇ ಕರೆಯುತ್ತಿದ್ದರು. ನನಗೆ ಅಳು ಬಂತು. ಹೆಚ್ಚೆಂದರೆ ಮೂವತ್ತು ಹೆಸರು ನೆನಪಾಗಬಹುದು. ಉಳಿದವರಿಗೆ ಊರಿಗೆ ಹೋಗಿ ಏನು ಮುಖ ತೋರಿಸಲಿ?

ಅತ್ತೆ ನನ್ನ ಮುಂಗೈ ಹಿಡಿದರು. "ಅಳಬ್ಯಾಡ ರಜಿಯಾ. ನಡಿ, ಬಸ್ ಹತ್ತೋಣು."

ಬಸ್? ಮರೆವು ಈಗಲೇ ಕೆರಳಿತೇ ಎಂದು ಅಂಜುತ್ತ ಅವರ ಜೊತೆ ಒಳಗೆ ನಡೆದೆ.

ಒಳಗೆ ಗುಂಪು ಗುಂಪಾಗಿ ಕೂರಿಸಿ, ಮುಂದೆ ಮುಂದೆ ಬಿಡುತ್ತ, ಕೊನೆಗೆ ಹಸಿರು ಜಮಖಾನೆಯ ಮೇಲೆ ನಿಲ್ಲಿಸಿದರು. ಕಣ್ಣ ಮುಂದೆ ಬಿಳಿ ಕಂಬಗಳು, ಪಕ್ಕದಲ್ಲಿ ಪರದೆ, ಅದರಾಚೆ ಪ್ರವಾದಿಯವರ ಸನ್ನಿಧಿ. ಹತ್ತು ನಿಮಿಷ, ಅಷ್ಟೇ. ಎರಡು ರಕಾತು ನಮಾಜು ಮುಗಿಸಿದ ಅತ್ತೆ ಪರದೆಯ ಕಡೆ ತಿರುಗಿ, ಕಣ್ಣು ಮುಚ್ಚಿ, ಕನ್ನಡದಲ್ಲಿ ಶುರು ಮಾಡಿದರು.

"ಔರಾದ್. ಬಸ್ ಸ್ಟ್ಯಾಂಡ್ ಹಿಂದಿನ ಗಲ್ಲಿ. ದಾವಲಬಿ ಸಲಾಂ ಹೇಳ್ಯಾಳ. ಇಸ್ಮಾಯಿಲ್ ಸಲಾಂ ಹೇಳ್ಯಾನ. ಕಿರಾಣಿ ಮಾಣಿಕಪ್ಪ ಸಲಾಂ ಹೇಳ್ಯಾನ, ಎರಡು ಗಾದಿ, ಒಂದು ಲೋಡು... ಅದು ಬ್ಯಾಡ. ಅವನ ಹೇಣ್ತಿ ಸಲಾಂ ಹೇಳ್ಯಾಳ."

ಆಗ ನನಗೆ ತಿಳಿಯಿತು. ಅತ್ತೆ ಹೆಸರು ನೆನೆಯುತ್ತಿರಲಿಲ್ಲ, ದಾರಿ ನಡೆಯುತ್ತಿದ್ದರು. ಔರಾದಿನಲ್ಲಿ ಹತ್ತಿದ ಬಸ್ಸು ಒಂದೊಂದೇ ಮನೆಯ ಮುಂದೆ ನಿಲ್ಲುತ್ತಿತ್ತು. ಸಂತಪುರದ ಬೌದ್ಧ ಮಾಸ್ತರು, ಮಾಸ್ತರರ ತಾಯಿ, ಬಾವಿ ಓಣಿಯ ಮೂವರು ಅಕ್ಕತಂಗಿಯರು. ನಾನು ಅಕಾರಾದಿಯಲ್ಲಿ ಕತ್ತರಿಸಿ ಹಾಕಿದ ಜನ ಇಲ್ಲಿ ತಂತಮ್ಮ ಬಾಗಿಲಲ್ಲಿ ನಿಂತಿದ್ದರು.

ಜನವಾಡದಲ್ಲಿ ಬಸ್ಸು ನಿಂತುಬಿಟ್ಟಿತು. "ಜನವಾಡ..." ಎಂದವರು ಮುಂದೆ ಹೋಗಲಿಲ್ಲ. ಕಣ್ಣು ಬಿಟ್ಟು ನನ್ನನ್ನೇ ನೋಡಿದರು, ಆ ನೋಟದಲ್ಲಿ ಏನೂ ಇರಲಿಲ್ಲ. ಕಪ್ಪು ಬುರ್ಖಾದ ಕಾವಲಿನಾಕೆ "ಯಲ್ಲಾ ಹಾಜ್ಜಾ, ಯಲ್ಲಾ" ಎನ್ನುತ್ತ ನಮ್ಮತ್ತ ಬರುತ್ತಿದ್ದಳು. ನನಗೂ ಜನವಾಡದ ಒಂದು ಹೆಸರೂ ಹೊಳೆಯಲಿಲ್ಲ. ಹೊಳೆದದ್ದು ಒಂದೇ ಪ್ರಶ್ನೆ.

"ಅತ್ತಿ, ಜನವಾಡದಾಗ ಮೊದಲ ಯಾರ ಗಾದಿ ತುಂಬಿದ್ರಿ?"

ಅವರ ಕೈ ತಾನಾಗಿ ಎದ್ದಿತು. ಎಡಗೈ ಬಟ್ಟೆ ಎಳೆದು ಹಿಡಿಯಿತು, ಬಲಗೈ ಉದ್ದ ಸೂಜಿ ಚುಚ್ಚಿ ಎಳೆಯಿತು. ಗಾಳಿಯಲ್ಲಿ ಎರಡು ಹೊಲಿಗೆ ಬಿದ್ದವು.

"ಶಿವಮ್ಮಂದು! ಮಗಳ ಲಗ್ನಕ್ಕ! ಜನವಾಡ ಶಿವಮ್ಮ ಸಲಾಂ ಹೇಳ್ಯಾಳ. ಚಾಂದ್‌ಪಾಶಾ ಸಲಾಂ ಹೇಳ್ಯಾನ. ರುಕಿಯಾ ಸಲಾಂ ಹೇಳ್ಯಾಳ..."

ಮತ್ತೆ ನಿಲ್ಲಲಿಲ್ಲ. ಕಾವಲಿನಾಕೆ ಮುಂದೆ ಸರಿಯಿರೆಂದಾಗ ಸರಿಯುತ್ತ, ಕೈ ಹೊಲಿಯುತ್ತ, ಬಾಯಿ ಹೇಳುತ್ತ ಹೊರಟರು. ಚಿದ್ರಿ ಮುಗಿಯಿತು, ಬೀದರ್‌ನ ಗಲ್ಲಿಗಳು ಮುಗಿದವು, ಹಲಬರ್ಗಾದ ಹೊಲದ ಮನೆಗಳು ಮುಗಿದವು. ಹಸಿರು ಜಮಖಾನೆಯ ಅಂಚಿಗೆ ಬಂದಾಗ ಬಸ್ಸು ಭಾಲ್ಕಿಯ ನಮ್ಮ ಓಣಿಯಲ್ಲಿತ್ತು. ಅಂಚಿನ ಮೇಲೆ ಒಂದು ಕಾಲೂರಿ ಅತ್ತೆ ಕೊನೆಯದನ್ನು ಹೇಳಿದರು.

"ಭಾಲ್ಕಿ ಕಮಲಾಬಾಯಿ ಶರಣಾರ್ಥಿ ಹೇಳ್ಯಾಳ."

ಆಮೇಲೆ ಅದರಾಚೆಯ ಕೆಂಪು ಜಮಖಾನೆಯ ಮೇಲೆ ಕೂತು, ಮೂರು ದಿನ ತಡೆದಿದ್ದ ಅಳುವನ್ನೆಲ್ಲ ಅತ್ತರು. ನಾನೂ ಅತ್ತುಬಿಟ್ಟೆ. ಗೆದ್ದೆವಲ್ಲ ಎಂಬ ಖುಷಿ, ನನ್ನ ಹೆಮ್ಮೆ ಮುರಿದ ಖುಷಿ, ಎಲ್ಲ ಕೂಡಿತ್ತು.

ಹೊರಗೆ ಯಜಮಾನರು ಚೀಲ ಬಿಡಿಸಿಕೊಂಡು ಬಂದು, ತಲೆ ತಗ್ಗಿಸಿ ನಿಂತಿದ್ದರು. "ಅಮ್ಮಾ, ಮಾಫ್ ಮಾಡು," ಎಂದರು.

"ಹೋಗ್ಲಿ ಬಿಡು. ಅಸಲಿ ಅಮಾನತ್ ನನ್ನ ಹಂತ್ಯಾಕೇ ಇತ್ತು," ಎಂದು ಅತ್ತೆ ಮಗನ ಬೆನ್ನು ಚಪ್ಪರಿಸಿದರು.

ಮಧ್ಯಾಹ್ನ ಹೋಟೆಲಿನಲ್ಲಿ ನೋಟ್‌ಬುಕ್ ತೆರೆದು, ಮತ್ತೊಮ್ಮೆ ಹೇಳಿ ಅತ್ತಿ ಎಂದು ಕೇಳಿಕೊಂಡೆ. ಅವರು ಮತ್ತೆ ಔರಾದಿನಲ್ಲಿ ಬಸ್ಸು ಹತ್ತಿದರು, ನಾನು ಹೆಸರಿಗೊಂದು ಗುರುತು ಹಾಕುತ್ತ ಹೋದೆ. ನೂರ ಹದಿನೇಳಕ್ಕೆ ನೂರ ಹದಿನೇಳು. ಒಂದೇ ಒಂದು ಕಡೆ ನನ್ನ ಬರಹಕ್ಕೂ ಅವರ ಮಾತಿಗೂ ತಾಳೆಯಾಗಲಿಲ್ಲ. ನಾನು ಪೆನ್ನು ತೆಗೆದು ತಿದ್ದಿಕೊಂಡೆ.

ಅಲ್ಲಿಂದ ಮಕ್ಕಾಕ್ಕೆ ಹೋಗಿ ಉಮ್ರಾ ಯಾತ್ರೆ ಪೂರೈಸಿ, ಹದಿನೈದನೆಯ ದಿನ ಭಾಲ್ಕಿಗೆ ಮರಳಿದೆವು. ಅಂಗಳ ಮತ್ತೆ ತುಂಬಿತ್ತು. ಎಲ್ಲರ ಕೈಗೆ ಖರ್ಜೂರ, ಮಕ್ಕಾದ ಜಮ್‌ಜಮ್ ಬಾವಿಯ ನೀರು, ಎಲ್ಲರಿಗೂ ಅತ್ತೆಯ ಒಂದೇ ಮಾತು: "ಮುಟ್ತು." ಜನ ಚದುರಿದ ಮೇಲೆ ಕಮಲಾಬಾಯಿ ಅಳುಕುತ್ತ ಹತ್ತಿರ ಬಂದರು.

"ಟೀಚರ್, ಖರೇ ಹೇಳ್ರಿ. ಅಲ್ಲಿ ಆ ಮಾತು ನಡೀತೇನ್ರಿ? ನೀವು ಹೋದಾಗಿಂದ ಅದೇ ಚಿಂತಿ ನನಗ. ಸಲಾಂ ಅಂತ ಹೇಳಿ ಕಳಿಸ್ಬೇಕಿತ್ತೇನೋ ಅಂತ."

ನಾನು ಚೀಲದಿಂದ ನೋಟ್‌ಬುಕ್ ತೆಗೆದು, ಕೊನೆಯ ಪುಟ ಬಿಡಿಸಿ ಅವರ ಕೈಗೆ ಕೊಟ್ಟೆ. ಕನ್ನಡಕ ಏರಿಸಿ, ಬೆರಳಿಟ್ಟು, ತಮ್ಮ ಹೆಸರಿನ ಸಾಲನ್ನು ನಿಧಾನ ಓದಿದರು.

"ಇಲ್ಲಿ ಏನೋ ಹೊಡದು ಹಾಕಿ, ಮ್ಯಾಲ ಶರಣಾರ್ಥಿ ಅಂತ ಬರ್ದೀರಲ್ರಿ?"

"ನಾ ತಪ್ಪು ಬರ್ದಿದ್ದೆ ಕಮಲಾಬಾಯಿ," ಎಂದೆ. "ನಮ್ಮ ಅತ್ತಿ ತಿದ್ದಿದ್ರು."