ಗೇಟಿನ ಸದ್ದಿಗೆ ಒಗ್ಗರಣೆ

ಮೊನ್ನೆ ಭಾನುವಾರ ಮಧ್ಯಾಹ್ನ ನಮ್ಮ ಕಾವೂರಿನ ಫ್ಲ್ಯಾಟಿನ ಅಡುಗೆಮನೆಯೊಳಗೆ ಬೆಳ್ಳುಳ್ಳಿ ಒಗ್ಗರಣೆಯ ಪರಿಮಳ ನುಗ್ಗಿತು. ಕೆಳಗಿನ ಮನೆಯವರದ್ದಿರಬೇಕು. ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಾಗಿ, ಅದರ ಮೇಲೆ ಒಣಮೆಣಸು ಬಿದ್ದು, ಮೂಗಿಗೂ ಗಂಟಲಿಗೂ ಒಟ್ಟಿಗೇ ತಾಗುವ ಘಾಟು. ನಾನು ಕಣ್ಣು ಮುಚ್ಚಿ ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಂಡೆ. ಕಣ್ಣು ತೆರೆಯುವಷ್ಟರಲ್ಲಿ ಅಮ್ಮ ಕಿಟಕಿ ಮುಚ್ಚಿಯಾಗಿತ್ತು.

ಯಾಕೆಂದು ನಾನು ಕೇಳಲಿಲ್ಲ. ಬಾಯಮ್ಮ ತೀರಿಕೊಂಡು ಇನ್ನೂ ತಿಂಗಳು ತುಂಬಿರಲಿಲ್ಲ.

ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎಂದೂ ಗಂಡಸರನ್ನು ಪೊರ್ಬು ಎಂದೂ ಕರೆಯುವುದು ರೂಢಿ. ಮಂಗಳೂರಿನಲ್ಲಿ ಬಾಯಮ್ಮಂದಿರಿಗೇನೂ ಬರವಿಲ್ಲ. ಆದರೆ ನಮ್ಮ ಮನೆಯಲ್ಲಿ ಬಾಯಮ್ಮ ಎಂದರೆ ಒಬ್ಬರೇ, ಮಣ್ಣಗುಡ್ಡದ ಹಳೆಯ ಮನೆಯ ಪಕ್ಕದವರು. ಎರಡೂ ಹಂಚಿನ ಮನೆಗಳು. ನಡುವೆ ಎದೆಮಟ್ಟದ ಮುರಕಲ್ಲಿನ ಗೋಡೆ, ಗೋಡೆಗೆ ಒರಗಿ ನಿಂತ, ಹುಳಿಹುಳಿ ಕಾಯಿ ಬಿಡುವ ಒಂದು ಬಿಂಬುಳಿ ಮರ. ಮರ ಅವರದ್ದು, ಕಾಯಿ ಬೀಳುತ್ತಿದ್ದದ್ದು ಹೆಚ್ಚಾಗಿ ನಮ್ಮ ಅಂಗಳಕ್ಕೆ. ಎರಡೂ ಅಡುಗೆಮನೆಗಳ ಕಿಟಕಿಗಳು ಎದುರುಬದುರು. ಅಮ್ಮನೂ ಬಾಯಮ್ಮನೂ ಒಲೆ ಬಿಟ್ಟು ಕದಲದೆಯೇ ಗಂಟೆಗಟ್ಟಲೆ ಮಾತಾಡುತ್ತಿದ್ದರು. "ಬಾಯಮ್ಮ, ಇವತ್ತು ಎಂತ?" ಎಂದು ಅಮ್ಮ ಕೇಳುವಳು. ಕೇಳುವ ಅಗತ್ಯವೇ ಇರಲಿಲ್ಲ, ಮೂಗಿಗೆ ಮೊದಲೇ ಗೊತ್ತಾಗಿರುತ್ತಿತ್ತು.

ಬಾಯಮ್ಮ ಕನ್ನಡ ಮೀಡಿಯಂ ಶಾಲೆಯ ಟೀಚರಾಗಿ ರಿಟೈರ್ ಆದವರು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಆದರೆ ನಮ್ಮೊಂದಿಗೆ ಮಾತ್ರ ಹಟ ಹಿಡಿದು ಕನ್ನಡ. ನಾವೂ ಕನ್ನಡದಲ್ಲೇ ಉತ್ತರ ಕೊಡಬೇಕು, ಇಲ್ಲದಿದ್ದರೆ ಬಿಂಬುಳಿ ಇಲ್ಲ. ಮದುವೆಯಾಗಿರಲಿಲ್ಲ. ಯಾಕೆಂದು ಯಾರಾದರೂ ಕೆದಕಿದರೆ, "ದಿನಾ ಒಂದು ಕ್ಲಾಸು ಮಕ್ಕಳನ್ನು ಸುಧಾರಿಸ್ತೇನೆ, ಮನೆಗೆ ಬಂದು ಇನ್ನೊಬ್ಬನನ್ನು ಸುಧಾರಿಸ್ಲಿಕ್ಕೆ ನನಗೆ ತ್ರಾಣ ಇಲ್ಲ" ಎನ್ನುತ್ತಿದ್ದರು. ಆದರೂ ಒಬ್ಬನನ್ನು ಸುಧಾರಿಸುವುದು ತಪ್ಪಲಿಲ್ಲ. ಹಡಗಿನ ಕೆಲಸದಿಂದ ರಿಟೈರ್ ಆದ ಅಣ್ಣ, ನಮ್ಮ ಪಾಲಿನ ಪೊರ್ಬು, ಅವರ ಜೊತೆಗೇ ಇದ್ದರು. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ದನಿ.

ನಮ್ಮ ಅಪ್ಪನಿಗೆ ಬಂದರಿನಲ್ಲಿ ಹಾರ್ಡ್‌ವೇರ್ ಅಂಗಡಿ. ಮಧ್ಯಾಹ್ನ ಊಟಕ್ಕೆ ಸ್ಕೂಟರಿನಲ್ಲಿ ಮನೆಗೆ ಬರುವರು. ನಮ್ಮ ಕಬ್ಬಿಣದ ಗೇಟಿನ ಚಿಲಕ ತುಕ್ಕು ಹಿಡಿದು ಬಿಗಿಯಾಗಿತ್ತು. ಹಾರ್ಡ್‌ವೇರ್ ಅಂಗಡಿಯವನ ಮನೆಯ ಗೇಟಿಗೆ ಒಳ್ಳೆಯ ಚಿಲಕ ಇಲ್ಲ ಎಂದು ಊರೆಲ್ಲ ತಮಾಷೆ ಮಾಡಿದರೂ ಅಪ್ಪ ಅದನ್ನು ಬದಲಿಸಲಿಲ್ಲ. ಅದನ್ನು ಮೇಲೆತ್ತಿ ಬಿಟ್ಟಾಗ 'ಠಣ್' ಎಂದು ಇಡೀ ಕೇರಿಗೆ ಕೇಳುತ್ತಿತ್ತು. ಅಮ್ಮನಿಗೆ ಅದೇ ಗಂಟೆ. ಸಾರು ಕುದಿಸಿ ಇಟ್ಟು, ಸೌಟಿನಲ್ಲಿ ಎಣ್ಣೆ ಕಾಯಿಸಿ, ಕಾದಿರುವಳು. 'ಠಣ್' ಎಂದ ಕೂಡಲೇ ಸಾಸಿವೆ ಬೀಳಬೇಕು. ಅಪ್ಪ ಚಪ್ಪಲಿ ಬಿಡುವಾಗ ಬೆಳ್ಳುಳ್ಳಿ, ಕೈಕಾಲು ತೊಳೆಯುವಾಗ ಒಣಮೆಣಸು, ಕರಿಬೇವು. ಚೊಂಯ್ ಎಂದು ಒಗ್ಗರಣೆ ಹುರುಳಿ ಸಾರಿಗೆ ಬೀಳುವುದಕ್ಕೂ ಅಪ್ಪ ಮಣೆಯ ಮೇಲೆ ಕೂರುವುದಕ್ಕೂ ಸರಿಹೋಗುತ್ತಿತ್ತು. ಮೊದಲೇ ಹಾಕಿಟ್ಟರೆ ಏನಾಗುತ್ತದೆ ಎಂದು ನಾನು ಒಮ್ಮೆ ಕೇಳಿದ್ದೆ. "ಆಗುವುದೆಂತ, ಪರಿಮಳ ಹೋಗ್ತದೆ" ಎಂದಿದ್ದಳು ಅಮ್ಮ. ಅವರಿಬ್ಬರೂ ಪ್ರೀತಿ ಗೀತಿ ಎಂದು ಬಾಯಿಬಿಟ್ಟು ಆಡಿದ್ದನ್ನು ನಾನು ಕೇಳಿದವಳಲ್ಲ. ಅದೆಲ್ಲ ಆ ಸೌಟಿನಲ್ಲೇ ಮುಗಿದುಹೋಗುತ್ತಿತ್ತೋ ಏನೋ...

ಒಂದು ವರ್ಷ ನವರಾತ್ರಿ ಮುಗಿದ ಮರುವಾರ ಅಪ್ಪ ಅಂಗಡಿಯಲ್ಲೇ ಕುಸಿದರು. ಆಸ್ಪತ್ರೆಗೆ ಒಯ್ಯುವ ಮೊದಲೇ ಎಲ್ಲ ಮುಗಿದಿತ್ತು. ಅಂದು ಅಮ್ಮ ಒಲೆಯ ಮೇಲಿಟ್ಟ ಸಾರು ಹಾಗೆಯೇ ಉಳಿಯಿತು.

ಸೂತಕದ ಮನೆಯಲ್ಲಿ ಒಗ್ಗರಣೆ ಹಾಕುವ ಕ್ರಮ ನಮ್ಮಲ್ಲಿಲ್ಲ. ಒಗ್ಗರಣೆಯ ಸದ್ದೂ ಪರಿಮಳವೂ ಸಂತೋಷದ ಮನೆಯವು ಎಂದು ಹಿರಿಯರ ಲೆಕ್ಕ. ಬಾಯಮ್ಮ ಗೋಡೆಯಾಚೆಯಿಂದ ದಿನಾ ಗಂಜಿ, ಸಪ್ಪೆ ಚಟ್ನಿ ದಾಟಿಸಿದರು. ಉತ್ತರಕ್ರಿಯೆಯ ಬೊಜ್ಜ ಮುಗಿಯಿತು, ಸೂತಕ ಕಳೆಯಿತು, ನೆಂಟರು ಬ್ಯಾಗು ತುಂಬಿಸಿಕೊಂಡು ಹೊರಟರು. ಮನೆಯಲ್ಲಿ ಉಳಿದದ್ದು ನಾನು, ಅಮ್ಮ. ಮರುದಿನದಿಂದ ಅಮ್ಮ ಅಡುಗೆಗೇನೋ ಇಳಿದಳು. ಆದರೆ ಒಗ್ಗರಣೆ ಮಾತ್ರ ಹಾಕಲಿಲ್ಲ.

ಒಂದೆರಡು ವಾರ ನಾನೂ ಗಮನಿಸಲಿಲ್ಲ. ಆಮೇಲೆ ಒಂದು ರಜೆಯ ದಿನ ನೋಡಿದೆ. ಮಧ್ಯಾಹ್ನ ಅದೇ ಹೊತ್ತಿಗೆ ಸೌಟು ಒಲೆಗೆ ಏರಿತು. ಎಣ್ಣೆ ಕಾಯಿತು. ಪಕ್ಕದಲ್ಲಿ ಸಾಸಿವೆ, ಜಜ್ಜಿದ ಬೆಳ್ಳುಳ್ಳಿ. ಅಮ್ಮ ನಿಂತೇ ಇದ್ದಳು, ಕಿವಿ ಹೊರಗೆ. ಎಣ್ಣೆ ಹೊಗೆಯಾಡತೊಡಗಿದಾಗ ಗ್ಯಾಸು ಆರಿಸಿ, ಎಣ್ಣೆಯನ್ನು ಮತ್ತೆ ಗಿಂಡಿಗೆ ಸುರಿದು, ಸಪ್ಪೆ ಸಾರನ್ನೇ ತಂದು ಬಡಿಸಿದಳು.

ಅಳುವುದರಲ್ಲೂ ನಮ್ಮಿಬ್ಬರ ದಾರಿ ಬೇರೆಬೇರೆ. ಎತ್ತು ಏರಿಗೆ, ಕೋಣ ನೀರಿಗೆ. ಅಮ್ಮ ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ, ನಾನು ಮನೆಯೊಳಗೆ ನಿಲ್ಲಲಿಲ್ಲ. ಫಳ್ನೀರಿನ ಸ್ಕ್ಯಾನಿಂಗ್ ಸೆಂಟರಿನಲ್ಲಿ ನನಗೆ ಕೆಲಸ. ಡ್ಯೂಟಿ ಮುಗಿದ ಮೇಲೂ ಹೊರಗೆಲ್ಲೋ ಕೋರಿರೊಟ್ಟಿ ತಿಂದು, ಸುಮ್ಮನೆ ಸುತ್ತಿ, ತಡಮಾಡಿ ಬರುತ್ತಿದ್ದೆ. ಅಮ್ಮ ತಟ್ಟೆ ಮುಚ್ಚಿಟ್ಟು ಕಾದಿರುವಳು. "ಹಸಿವಿಲ್ಲ" ಎನ್ನುವೆ. ಅವಳೂ ಉಣ್ಣದೆ ಎದ್ದುಹೋಗುವಳು. ಅವಳ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು, ಅಷ್ಟು ಸೊರಗಿದ್ದಳು. ಅಪ್ಪ ಹೋದ ದಾರಿಯಲ್ಲೇ ಇವಳೂ ಸದ್ದಿಲ್ಲದೆ ನಡೆದುಹೋಗುತ್ತಾಳೆ ಎಂದು ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ಆ ಹೆದರಿಕೆ ಸಿಟ್ಟಾಗಿ ಒಮ್ಮೆ ಬಾಯಿಗೆ ಬಂತು.

"ಅಪ್ಪ ಬರುವುದಿಲ್ಲ ಅಮ್ಮ. ಒಗ್ಗರಣೆ ಹಾಕು."

"ಗೊತ್ತುಂಟು" ಎಂದಳು. ಗ್ಯಾಸು ಆರಿಸಿದಳು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗಾಯಿತು ನನಗೆ. ಅದರ ನಂತರ ನಮ್ಮ ನಡುವೆ 'ಹೂಂ', 'ಉಹುಂ' ಬಿಟ್ಟರೆ ಮಾತೇ ಇರಲಿಲ್ಲ.

ಆ ದಿನಗಳಲ್ಲಿ ಗೋಡೆಯಾಚೆಗೂ ಏನೋ ಬದಲಾಗಿತ್ತು. ಬಾಯಮ್ಮನ ಅಡುಗೆಮನೆಯಿಂದ ಪರಿಮಳ ಬರುತ್ತಿರಲಿಲ್ಲ. ವಯಸ್ಸಾಯಿತು, ಡಾಕ್ಟರು ಎಣ್ಣೆ ಬೇಡ ಎಂದಿರಬೇಕು ಎಂದುಕೊಂಡೆ. ಕ್ರಿಸ್‌ಮಸ್ಸಿಗೆ ಪ್ರತಿವರ್ಷ ಬರುತ್ತಿದ್ದ ಕುಸ್ವಾರಿನ ತಟ್ಟೆಯೂ, ಅವರ ಹಬ್ಬದ ತಿಂಡಿಗಳ ತಟ್ಟೆ, ಬರಲಿಲ್ಲ. ಆ ನೆವ್ರಿ, ಕಿಡಿಯೋಗಳಿಗೆ ನಾನು ಚಿಕ್ಕಂದಿನಿಂದ ಬಾಯಿಬಿಡುವವಳು. ಬೇಜಾರಾಯಿತು. ಆದರೆ ಆ ವರ್ಷ ಎಲ್ಲದಕ್ಕೂ ಬೇಜಾರೇ ಆಗುತ್ತಿದ್ದುದರಿಂದ ಇದನ್ನೂ ಅದರ ಜೊತೆಗೆ ಸೇರಿಸಿಬಿಟ್ಟೆ.

ಈಸ್ಟರ್ ಆದ ಮರುವಾರದ ಭಾನುವಾರ. ನಾನು ಅಂಗಳದಲ್ಲಿ ಸ್ಕೂಟರು ತೊಳೆಯುತ್ತಿದ್ದೆ, ಅಮ್ಮ ತುಳಸಿಕಟ್ಟೆಗೆ ನೀರು ಹಾಕುತ್ತಿದ್ದಳು. ಪೂಜೆ ಮುಗಿಸಿ ಇಗರ್ಜಿಯಿಂದ ಬಂದ ಪೊರ್ಬು ಗೋಡೆಗೆ ಹೊಟ್ಟೆ ಆನಿಸಿ ನಿಂತರು. ಹಿಂದೆಮುಂದೆ ನೋಡಿ, ತಮ್ಮ ಮಟ್ಟಿಗೆ ಪಿಸುದನಿ ಎನ್ನಬಹುದಾದ ದನಿಯಲ್ಲಿ ಕೇಳಿದರು.

"ಅಮ್ಮ, ಬೇಜಾರು ಮಾಡ್ಬೇಡಿ. ಒಂದು ಕೇಳ್ತೇನೆ. ನಿಮ್ಮಲ್ಲಿ ಈ ಸೂತಕ ಎಷ್ಟು ಸಮಯ ಉಂಟು?"

ಅಮ್ಮ ಚೆಂಬು ಕೆಳಗಿಟ್ಟಳು. "ಅದು ಬೊಜ್ಜದ ದಿನವೇ ಮುಗಿಯಿತಲ್ಲ ಪೊರ್ಬುಲೇ. ಎಂತಕ್ಕೆ?"

"ಮುಗ್ದಿದೆಯಾ!" ಪಿಸುದನಿ ಅಲ್ಲಿಗೇ ಮುಗಿಯಿತು. "ಹಾಗಾದ್ರೆ ನಾನು ಎಂತಕ್ಕೆ ಮಾರಾಯ್ತಿ ಈ ನೀರು ಸಾರು ಕುಡಿಯುವುದು? ಕ್ರಿಸ್‌ಮಸ್ಸಿಗೂ ಕುಸ್ವಾರ್ ಇಲ್ಲ. ಆಮೇಲೆ ನಲ್ವತ್ತು ದಿನದ ತಪಸ್ಸು ಕಾಲದಲ್ಲಿ ಪ್ರಾಯಶ್ಚಿತ್ತ ಅಂತ ಸುಮ್ಮನಿದ್ದೆ. ಈಸ್ಟರಿಗೂ ಒಗ್ಗರಣೆ ಇಲ್ಲ! ಕೇಳಿದ್ರೆ ಪಕ್ಕದ ಮನೆಯಲ್ಲಿ ದುಃಖ ಉಂಟು, ಬಾಯಿ ಮುಚ್ಚು ಅಂತಾಳೆ."

ಒಳಗಿನಿಂದ ಕೊಂಕಣಿಯಲ್ಲಿ ಬೈಗುಳ ಹೊರಟಿತು. ಅದರ ಹಿಂದೆಯೇ ಬಾಯಮ್ಮ, ಕೈ ಒರೆಸುತ್ತಾ. ಅವರ ಮುಖ ಕೆಂಪೇರಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಣ್ಣನನ್ನು ದೂಡಿ ಗೋಡೆಯ ಬಳಿ ಬಂದು ನಿಂತರು.

"ನಿಮ್ಮ ಯಜಮಾನರೇ ಹೇಳಿದ್ದು ನನಗೆ. ನಿಮ್ಮ ಅತ್ತೆ ಹೋದಾಗ ನಾನೊಂದು ದಿನ ಗೊತ್ತಿಲ್ಲದೆ ಒಗ್ಗರಣೆ ಕೊಟ್ಟಿದ್ದೆ. ಇಲ್ಲೇ ನಿಂತು ಮೆಲ್ಲ ಹೇಳಿದ್ರು, 'ದುಃಖದ ಮನೆಗೆ ಒಗ್ಗರಣೆ ಪರಿಮಳ ಬರಬಾರದು ಬಾಯಮ್ಮ' ಅಂತ. ಅದು ನನಗೆ ನೆನಪಿತ್ತು."

"ಆದರೆ ಇಷ್ಟು ಸಮಯ..." ಎಂದಳು ಅಮ್ಮ.

"ನಮ್ಮಲ್ಲಿ ಒಂದು ವರ್ಷ ಅಲ್ವಾ? ವರ್ಷದ ಪೂಜೆ ಆಗುವವರೆಗೆ ಕಪ್ಪು ಉಡುವುದು, ಕುಸ್ವಾರ್ ಮಾಡುವುದಿಲ್ಲ. ನಿಮ್ಮಲ್ಲೂ ಹಾಗೇ ಅಂತ ಗ್ರಹಿಸಿದೆ. ನಿಮ್ಮ ಕಿಟಕಿಯಿಂದಲೂ ಪರಿಮಳ ಬರ್ತಾ ಇರ್ಲಿಲ್ಲ. ಸರಿ, ಇನ್ನೂ ಮುಗ್ದಿಲ್ಲ ಅಂದುಕೊಂಡೆ."

ನಿಯಮ ನಮ್ಮ ಮನೆಯದ್ದು, ಅವಧಿ ಅವರ ಮನೆಯದ್ದು. ಎರಡನ್ನೂ ಜೋಡಿಸಿ ಬಾಯಮ್ಮ ತಮ್ಮದೇ ಒಂದು ಸೂತಕ ಮಾಡಿಕೊಂಡಿದ್ದರು. ಗಂಡನೂ ಅಲ್ಲ, ನೆಂಟನೂ ಅಲ್ಲದ ನನ್ನ ಅಪ್ಪನಿಗಾಗಿ, ನಮ್ಮ ಮೂಗಿಗೆ ನೋವಾಗದಿರಲಿ ಎಂದು, ಅಷ್ಟೂ ತಿಂಗಳು ಸಪ್ಪೆ ಉಂಡಿದ್ದರು. ನನಗೆ ನಗು ಬಂತು. ನಗುವಾಗಲೇ ಕಣ್ಣಲ್ಲಿ ನೀರು. ಸ್ಕೂಟರಿನ ಹಿಂದೆ ಬಗ್ಗಿ ಮುಖ ಮರೆಮಾಡಿಕೊಂಡೆ.

ಅಮ್ಮ ನಗಲಿಲ್ಲ. ಬಾಯಮ್ಮನ ಕೈಯನ್ನು ಗೋಡೆಯ ಮೇಲೆ ಒಮ್ಮೆ ಒತ್ತಿ ಹಿಡಿದು, ಒಳಗೆ ಹೋದಳು. ಪಾತ್ರೆಗಳ ಸದ್ದು ಕೇಳಿತು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದಲೇ ನನ್ನನ್ನು ಕರೆದಳು. ತಿಂಗಳುಗಳ ನಂತರ ಅವಳು ನನ್ನನ್ನು ಹೆಸರು ಹಿಡಿದು ಕರೆದದ್ದು.

"ಹೋಗು, ಒಮ್ಮೆ ಗೇಟು ತೆಗೆದು ಬಾ."

ನನಗೆ ಅರ್ಥವಾಯಿತು. ಒದ್ದೆ ಕೈಯಲ್ಲೇ ಗೇಟಿನ ಹೊರಗೆ ಹೋಗಿ ನಿಂತೆ. ಚಿಲಕ ಕೈಗೆ ತಣ್ಣಗಿತ್ತು. ಅಪ್ಪನ ಹಾಗೆ ಮೇಲೆತ್ತಿ ಬಿಟ್ಟೆ... ಠಣ್.

ಸಾಸಿವೆ ಸಿಡಿಯಿತು. ನಾನು ಅಂಗಳ ದಾಟಿ ಚಪ್ಪಲಿ ಬಿಡುವಾಗ ಬೆಳ್ಳುಳ್ಳಿಯ ಪರಿಮಳ, ಕೈ ತೊಳೆಯುವಾಗ ಮೆಣಸಿನ ಘಾಟು, ಆಮೇಲೆ ಚೊಂಯ್. ಅಡುಗೆಮನೆಯ ಬಾಗಿಲಿಗೆ ಬಂದರೆ ಅಮ್ಮ ಖಾಲಿ ಸೌಟನ್ನು ಇನ್ನೂ ಸಾರಿನ ಮೇಲೆಯೇ ಹಿಡಿದು ನಿಂತಿದ್ದಳು. ಓಡಿ ಹೋಗಿ ತಬ್ಬಿಕೊಂಡೆ. ಅಪ್ಪ ಹೋದ ಮೇಲೆ ನಾವಿಬ್ಬರೂ ಒಟ್ಟಿಗೆ ಅತ್ತದ್ದು ಅದೇ ಮೊದಲು. ದೊಡ್ಡ ದನಿ ತೆಗೆದು ಅತ್ತೆವು. ಎದುರು ಕಿಟಕಿ ತೆರೆದೇ ಇತ್ತು, ನಾಚಿಕೆಯಾಗಲಿಲ್ಲ. ನಮ್ಮ ಅಳು ಇಳಿಯುವ ಹೊತ್ತಿಗೆ ಆ ಕಡೆಯಿಂದಲೂ ಒಂದು ಚೊಂಯ್ ಕೇಳಿತು. ಅದರ ಹಿಂದೆಯೇ ಪೊರ್ಬುವಿನ ಸೀನು, ಒಂದರ ಮೇಲೊಂದು, ಹಂಚು ಹಾರುವ ಹಾಗೆ. ಅಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಪಾಪ, ಅಭ್ಯಾಸ ತಪ್ಪಿದೆ ಅವರಿಗೆ" ಎಂದಳು. ಅಂದು ನಾನು ಸಾರನ್ನು ಬಟ್ಟಲಲ್ಲಿ ಹಾಕಿ ಕುಡಿದೆ.

ಒಂದೇ ಒಗ್ಗರಣೆಗೆ ಎಲ್ಲ ಸರಿಹೋಯಿತು ಎಂದರೆ ಸುಳ್ಳಾದೀತು. ಆಮೇಲೂ ಜಗಳವಾಡಿದೆವು, ಆಮೇಲೂ ಅಮ್ಮ ಒಮ್ಮೊಮ್ಮೆ ಉಣ್ಣದೆ ಮಲಗಿದಳು. ಆದರೆ ನಾನು ಸುತ್ತುವುದು ಬಿಟ್ಟೆ. ಸಂಜೆ ನಾನು ಗೇಟಿನ ಚಿಲಕ ಎತ್ತಿದರೆ ಒಳಗೆ ಸಾಸಿವೆ ಸಿಡಿಯುತ್ತಿತ್ತು. ಡ್ಯೂಟಿಯಲ್ಲಿ ತಡವಾದರೆ ಬಾಯಮ್ಮ ಕಿಟಕಿಯಿಂದಲೇ ನನ್ನನ್ನು ಗದರುವರು, "ನಿನ್ನ ಅಮ್ಮನ ಎಣ್ಣೆ ಕಾದು ಕಾದು ಹೊಗೆಯಾಯ್ತು ಮಾರಾಯ್ತಿ, ನಾಳೆಯಿಂದ ಬೇಗ ಬಾ." ಮುಂದಿನ ಕ್ರಿಸ್‌ಮಸ್ಸಿಗೆ ಎರಡು ತಟ್ಟೆ ಕುಸ್ವಾರ್ ಬಂತು. ಒಂದು ಹಿಂದಿನ ವರ್ಷದ ಬಾಕಿಯಂತೆ.

ಹಲವು ವರ್ಷ ಹಾಗೆಯೇ ನಡೆಯಿತು. ಪೊರ್ಬು ಹೋದರು. ಎರಡೂ ಮನೆಗಳಿದ್ದ ಜಾಗದಲ್ಲಿ ಈಗ ಒಂದೇ ದೊಡ್ಡ ಕಟ್ಟಡ, ಬಿಂಬುಳಿ ಮರವೂ ಇಲ್ಲ. ನಾವು ಕಾವೂರಿಗೆ ಬಂದೆವು. ಬಾಯಮ್ಮ ಸಿಸ್ಟರ್‌ಗಳು ನಡೆಸುವ ಒಂದು ಆಶ್ರಮಕ್ಕೆ ಸೇರಿದರು. ತಿಂಗಳಿಗೊಮ್ಮೆ ಅಮ್ಮ ಹುರುಳಿ ಸಾರು ತೆಗೆದುಕೊಂಡು ಹೋಗುವಳು. ಡಬ್ಬಿ ತೆರೆದು ಮೂಸಿ, "ಒಗ್ಗರಣೆ ಬೆಳಿಗ್ಗೆಯೇ ಹಾಕಿದ್ದೀರಿ, ಪರಿಮಳ ಹೋಗಿದೆ" ಎಂದು ಟೀಚರು ಮಾರ್ಕು ಕಡಿತ ಮಾಡುವರು. ಕೊನೆಯ ಭೇಟಿಯಲ್ಲಿ ಮೂಸಲಿಲ್ಲ, ಸುಮ್ಮನೆ ಅಮ್ಮನ ಕೈ ಹಿಡಿದುಕೊಂಡಿದ್ದರು...

ಇಗರ್ಜಿಯ ಅಂಗಳದಲ್ಲಿ ಅವರನ್ನು ಮಣ್ಣು ಮಾಡುವಾಗ ಹಳೆಯ ವಿದ್ಯಾರ್ಥಿಗಳು ತುಂಬ ಜನ ಬಂದಿದ್ದರು. ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿ ಹೋದರು. ಅವರಿಗಾಗಿ ವರ್ಷವಿಡೀ ಕಪ್ಪು ಉಡುವವರು ಮಾತ್ರ ಯಾರೂ ಉಳಿದಿರಲಿಲ್ಲ. ಮನೆಗೆ ಬಂದು ಅಮ್ಮ ಮಿಂದು ಅಡುಗೆ ಮಾಡಿದಳು. ಸಾರಿಗೆ ಒಗ್ಗರಣೆ ಇರಲಿಲ್ಲ. ಮರುದಿನವೂ ಇಲ್ಲ, ವಾರ ಕಳೆದರೂ ಇಲ್ಲ. ನನಗೆ ಹಳೆಯ ಹೆದರಿಕೆ ಮರುಕಳಿಸಿತು.

"ಅಮ್ಮ, ಅವರು ನಮ್ಮ ಕುಟುಂಬದವರಲ್ಲ. ನಮಗೆ ಸೂತಕ ಇಲ್ಲ" ಎಂದೆ.

"ನಮಗೆ ಇಲ್ಲ, ಗೊತ್ತುಂಟು. ಅವರಲ್ಲಿ ಒಂದು ವರ್ಷ ಉಂಟಲ್ಲ" ಎಂದಳು. ದನಿ ಗಟ್ಟಿಯಾಗಿತ್ತು. ನನ್ನ ಹೆದರಿಕೆ ಅಲ್ಲಿಗೇ ನಿಂತಿತು. ಆದರೆ ಬಾಯಮ್ಮ ಇಲ್ಲ ಎನ್ನುವುದು ಆಗಲೇ ನನಗೆ ಸರಿಯಾಗಿ ತಟ್ಟಿದ್ದು.

ಮೊನ್ನೆ ಕಿಟಕಿ ಮುಚ್ಚಿದ ಮೇಲೆ ಇಬ್ಬರೂ ಊಟಕ್ಕೆ ಕುಳಿತೆವು. ಸಪ್ಪೆ ಹುರುಳಿ ಸಾರು, ಕುಚ್ಚಲಕ್ಕಿ ಅನ್ನ.

"ಉಪ್ಪು ಸರಿ ಉಂಟಾ?" ಅಮ್ಮ ಕೇಳಿದಳು.

"ಉಂಟು" ಎಂದೆ. ತಟ್ಟೆ ಮುಂದೆ ಮಾಡಿ ಇನ್ನೊಂದು ಸೌಟು ಹಾಕಿಸಿಕೊಂಡೆ.